ಬೊಬೊಟಿಗೆ ಯಾವ ವೈನು, ಬನ್ನಿ ಚೌಗೆ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಸೌತ್ ಆಫ್ರಿಕಾದ ಊಟದ ಬಗ್ಗೆ ಸುಮ್ನೆ ಒಂದು ಪ್ಯಾರಾ ಬರೆದಿದ್ದೆ, ಕೇಪ್ ಟೌನಲ್ಲಿ ನಾಲ್ಕು ವರ್ಷ ಇದ್ದ ನೆನಪಿಗೆ. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅಲ್ಲಿ ಕೆಲಸಕ್ಕೆ ಹೋಗಿರೋರು, ಟೂರ್ ಹೊರಟಿರೋರು, ಸುಮ್ನೆ ಕುತೂಹಲ ಇರೋರು, ಬೈಯೋರು, ಎಲ್ಲರೂ ಬರೆದಿದ್ದೀರಿ. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಆರಿಸಿಕೊಂಡು ಕೊಡ್ತಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನಿಮ್ಮ ಪ್ರಶ್ನೆ ಸ್ವಲ್ಪ ಬದಲಾಗಿದೆ ಅನ್ಸಿದ್ರೆ ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ಸೌತ್ ಆಫ್ರಿಕಾದ ರಾಷ್ಟ್ರೀಯ ಅಡುಗೆ ಅಂತ ಒಂದು ಇದೆಯಾ? ಒಬ್ಬರು ಬೊಬೊಟಿ ಅಂತಾರೆ, ಇನ್ನೊಬ್ಬರು ಬರೀ ಸುಟ್ಟ ಮಾಂಸ ಅಂತಾರೆ, ನಮ್ಮ ಕಲೀಗ್ ಒಬ್ಬ ಅದೆಲ್ಲ ಬಿಡಿ ಪಾಪ್ ಅಂತಾನೆ.

ಉತ್ತರ: ಮೂರೂ ಜನ ಸರಿಯಾಗೇ ಹೇಳಿದಾರೆ, ತೊಂದರೆ ಏನಪ್ಪಾ ಅಂದ್ರೆ ಆ ದೇಶದಲ್ಲಿ 12 ಅಧಿಕೃತ ಭಾಷೆ ಇದಾವೆ (2023ರಲ್ಲಿ ಸನ್ನೆ ಭಾಷೆ ಸೇರಿದ ಮೇಲೆ 12 ಆಯ್ತು), ಅಡುಗೆಮನೆ ಅದಕ್ಕಿಂತ ಜಾಸ್ತಿ ಇದಾವೆ. ಪಾಪ್ ಅಂದ್ರೆ ಬಿಳಿ ಜೋಳದ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ದೇಶದ ಬಹುಪಾಲು ಜನಕ್ಕೆ ದಿನದ ಊಟ ಅದು. ಕೋಸಾ ಜನರ ಉಮ್‌ಗ್‌ಕುಶೊ ಅಂತ ಇದೆ, ಕುಟ್ಟಿದ ಮೆಕ್ಕೆಜೋಳ ಮತ್ತು ಬೀನ್ಸ್ ಸೇರಿಸಿ ಗಂಟೆಗಟ್ಟಲೆ ಬೇಯಿಸೋದು, ಮಂಡೇಲಾಗೆ ಇಷ್ಟವಾದ ಊಟ ಅಂತ ಅದಕ್ಕೆ ಹೆಸರು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಯಾನ್ ವಾನ್ ರೀಬೆಕ್ ಕೈಲಿ ಕೇಪಲ್ಲಿ ಠಾಣೆ ಹಾಕಿಸಿದ್ರಲ್ಲ, ಆಮೇಲೆ ಒಂದೂವರೆ ಶತಮಾನ ಅಲ್ಲಿಗೆ ಗುಲಾಮರನ್ನ ತಂದ್ರು, ಸುಮಾರು 60 ಸಾವಿರ ಜನ, ಇಂಡೋನೇಷ್ಯಾದಿಂದ, ಮಡಗಾಸ್ಕರ್‌ನಿಂದ, ಪೂರ್ವ ಆಫ್ರಿಕಾದಿಂದ, ಮತ್ತೆ ಇದನ್ನ ನಮ್ಮಲ್ಲಿ ಯಾರೂ ಹೇಳಲ್ಲ, ಅದರಲ್ಲಿ ಹೆಚ್ಚುಕಮ್ಮಿ ಕಾಲುಭಾಗ ಇಂಡಿಯಾದಿಂದ, ಬಂಗಾಳ, ಮಲಬಾರ್, ಕೋರಮಂಡಲ ಕಡೆಯಿಂದ. ಅವರ ಮಕ್ಕಳು ಮೊಮ್ಮಕ್ಕಳ ಅಡುಗೆಗೇ ಇವತ್ತು ಕೇಪ್ ಮಲಯ್ ಅಂತಾರೆ. 1688ರಲ್ಲಿ ಫ್ರಾನ್ಸಿಂದ ಓಡಿ ಬಂದ ಪ್ರೊಟೆಸ್ಟೆಂಟ್ ಕ್ರೈಸ್ತರಾದ ಹ್ಯೂಗೆನಾಟ್‌ಗಳು, 1860ರಿಂದ ಡರ್ಬನ್ ಕಡೆ ಕಬ್ಬಿನ ತೋಟಕ್ಕೆ ಬಂದ ಭಾರತೀಯರು, ಮೊಜಾಂಬಿಕ್ ಕಡೆಯಿಂದ ಪೆರಿ ಪೆರಿ ಮೆಣಸಿನಕಾಯಿ ತಂದ ಪೋರ್ಚುಗೀಸರು... ಒಂದು ತಟ್ಟೆಗೆ ಎಲ್ಲಿಂದ ಎಲ್ಲಿಗೆ ಸಂಬಂಧ ನೋಡಿ.

ಬೊಬೊಟಿಯನ್ನ, ಅಂದ್ರೆ ಮಸಾಲೆ ಖೀಮಾ ಮೇಲೆ ಮೊಟ್ಟೆ ಹಾಲು ಸುರಿದು ಓವನ್ನಲ್ಲಿ ಬೇಯಿಸೋದನ್ನ, ರಾಷ್ಟ್ರೀಯ ಖಾದ್ಯ ಅಂತ ಪುಸ್ತಕಗಳಲ್ಲಿ ಹಾಕ್ತಾರೆ. ನನ್ನ ಕೇಳಿದ್ರೆ ಅಲ್ಲಿನ ಎಲ್ಲ ತಟ್ಟೆಗೂ ಸೇರಿದ್ದು ಒಂದೇ ಒಂದು ವಿಷಯ, ಅದು ಪಕ್ಕದಲ್ಲಿ ಇಡೋ ಸಿಹಿ-ಹುಳಿ. ಬ್ಲಾಟ್‌ಯಾಂಗ್ ಅನ್ನೋ ಏಪ್ರಿಕಾಟ್ ಚಟ್ನಿ, ಅಟ್ಯಾರ್ (ಹೌದು, ನಮ್ಮ ಅಚಾರೇ ಡಚ್ಚರ ಬಾಯಲ್ಲಿ ಹಂಗಾಗಿರೋದು), ಸಾಂಬಾಲ್, ಚಕಲಕ (ತರಕಾರಿಯ ಖಾರದ ಗೊಜ್ಜು), ಮೀನಿಗೆ ಬಳಿಯೋ ಏಪ್ರಿಕಾಟ್ ಜಾಮ್. ಬಿಳಿಯರ ಮನೆಯಾಗ್ಲಿ, ಕರಿಯರ ಟೌನ್‌ಶಿಪ್ ಆಗ್ಲಿ, ಮಲಯ್ ಮನೆಯಾಗ್ಲಿ, ಇದರಲ್ಲಿ ಒಂದಿಲ್ಲದೆ ಊಟ ಇಲ್ಲ. ವೈನ್ ವಿಷಯಕ್ಕೆ ಬಂದಾಗ ಇದನ್ನ ನೆನಪಿಡಿ, ಮುಂದಿನ ಎಲ್ಲ ಉತ್ತರಕ್ಕೂ ಇದೇ ಬೇರು.

ಪ್ರಶ್ನೆ: ಜೋಹಾನ್ಸ್‌ಬರ್ಗ್‌ಗೆ ಬಂದು ಎರಡು ವರ್ಷ ಆಯ್ತು. ಪಕ್ಕದ ಮನೆ ಆಂಟಿ ಹತ್ರ ಬೊಬೊಟಿ ಕಲಿತಿದೀನಿ, ನಮ್ಮೆಜಮಾನ್ರ ಆಫೀಸಿನವರನ್ನ ಊಟಕ್ಕೆ ಕರೆದಿದೀವಿ. ಮಾಂಸದ ಅಡುಗೆಗೆ ರೆಡ್ ವೈನ್ ಅಂತ ಓದಿದ್ದೆ, ದುಬಾರಿ ಕ್ಯಾಬರ್ನೆ ಒಂದು ತಂದಿಟ್ಟಿದೀನಿ. ಸರಿ ಇದೆಯಾ?

ಉತ್ತರ: ಅಯ್ಯೋ ತಂಗಿ, ಆ ಕ್ಯಾಬರ್ನೆ ಎತ್ತಿಡಿ, ಇನ್ನೊಂದಿನಕ್ಕೆ ಆಗುತ್ತೆ. ಬೊಬೊಟಿಗೆ ಏನೇನು ಹಾಕಿದ್ರಿ ನೆನಪು ಮಾಡ್ಕೊಳ್ಳಿ. ಖೀಮಾ, ಸರಿ. ಆಮೇಲೆ ಅರಿಶಿನ, ಕರಿ ಪೌಡರ್, ಹಾಲಲ್ಲಿ ನೆನೆಸಿದ ಬ್ರೆಡ್ಡು, ಒಣದ್ರಾಕ್ಷಿ, ಏಪ್ರಿಕಾಟ್ ಜಾಮೋ ಚಟ್ನಿಯೋ ಎರಡು ಚಮಚ, ಸ್ವಲ್ಪ ವಿನೆಗರ್ ಅಥವಾ ನಿಂಬೆಹುಳಿ, ಮೇಲೆ ಮೊಟ್ಟೆ ಹಾಲಿನ ಕಸ್ಟರ್ಡ್ ಸುರಿದು ಲಾರೆಲ್ ಎಲೆ ಚುಚ್ಚಿ ಓವನ್ನಿಗೆ. ಇದರಲ್ಲಿ ಮಾಂಸ ಅನ್ನೋದು ಮನೆ ಯಜಮಾನ ಇದ್ದ ಹಾಗೆ, ಹೆಸರಿಗೆ ಇರುತ್ತೆ, ಮನೆ ನಡೆಸೋದು ಆ ಸಿಹಿ ಹುಳಿ ಮಸಾಲೆ. ಕ್ಯಾಬರ್ನೆಯಲ್ಲಿ ಏನಿದೆ? ಒಗರು. ಕಾಯಿ ಬಾಳೆಹಣ್ಣು ಕಚ್ಚಿದಾಗ ನಾಲಿಗೆ ಹಿಡಿಯುತ್ತಲ್ಲ, ಅದೇ ಒಗರು, ಅದನ್ನೇ ವೈನ್ ಭಾಷೆಯಲ್ಲಿ ಟ್ಯಾನಿನ್ ಅಂತಾರೆ. ಕೊಬ್ಬಿರೋ ಸಾದಾ ಮಾಂಸದ ಜೊತೆ ಆ ಒಗರು ಚೆನ್ನಾಗಿರುತ್ತೆ, ಆದ್ರೆ ಸಿಹಿ ತಿಂದ ಬಾಯಿಗೆ ಬಿದ್ರೆ ವೈನ್ ಇನ್ನೂ ಕಹಿ, ಇನ್ನೂ ಹುಳಿ ಅನ್ಸುತ್ತೆ. ಎತ್ತು ಏರಿಗೆ ಕೋಣ ನೀರಿಗೆ.

ನೀವು ತರಬೇಕಾಗಿರೋದು ಶೆನಿನ್ ಬ್ಲಾಂಕ್. ಅಲ್ಲಿ ಹಳಬರು ಇವತ್ತಿಗೂ ಅದನ್ನ ಸ್ಟೀನ್ ಅಂತಾರೆ, ಶತಮಾನಗಟ್ಟಲೆ ಆ ಹೆಸರಲ್ಲೇ ಬೆಳೆದು, ಇದೂ ಫ್ರಾನ್ಸಿನ ಶೆನಿನ್ನೂ ಒಂದೇ ಬಳ್ಳಿ ಅಂತ ಗೊತ್ತಾಗಿದ್ದೇ 1960ರ ದಶಕದಲ್ಲಿ. ಇವತ್ತು ಸೌತ್ ಆಫ್ರಿಕಾದಲ್ಲಿ ಅತಿ ಹೆಚ್ಚು ಜಾಗದಲ್ಲಿ ಇರೋ ವೈನ್ ದ್ರಾಕ್ಷಿ ಅದೇ, ಅದರ ತವರು ಫ್ರಾನ್ಸಲ್ಲಿ ಕೂಡ ಅಷ್ಟು ಶೆನಿನ್ ಇಲ್ಲ. ಅದರ ಗುಣ ಏನು ಅಂದ್ರೆ ಹುಳಿ ಗಟ್ಟಿಯಾಗಿರುತ್ತೆ, ಹಣ್ಣಿನ ಪರಿಮಳ ಇರುತ್ತೆ, ಒಗರು ಇರಲ್ಲ. ಬಾಟಲಲ್ಲಿ ಆಫ್-ಡ್ರೈ ಅಂತ ಇರೋದು ನೋಡಿ ತಗೊಳ್ಳಿ, ಅಂದ್ರೆ ಚೂರು ಸಿಹಿ ಉಳಿಸಿರ್ತಾರೆ. ಬೊಬೊಟಿಯ ಜಾಮಿಗೆ ಆ ಸಿಹಿ, ಕಸ್ಟರ್ಡ್‌ನ ಜಿಡ್ಡಿಗೆ ಆ ಹುಳಿ. ಎಲ್ಗಿನ್ ಅನ್ನೋ ತಂಪು ಜಾಗದಿಂದ ಬರೋ ರೀಸ್ಲಿಂಗ್ ಸಿಕ್ಕಿದ್ರೂ ಆಯ್ತು. ಗೆವುರ್ತ್ಸ್‌ಟ್ರಾಮಿನರ್ ಅನ್ನೋ ನಾಲಿಗೆ ತಿರುಗದ ಹೆಸರಿಂದು ಒಂದಿದೆ, ಗುಲಾಬಿ ಲಿಚಿ ವಾಸನೆ ಘಮ್ಮಂತ ಬರುತ್ತೆ, ಪುಸ್ತಕದವರೆಲ್ಲ ಬೊಬೊಟಿಗೆ ಅದನ್ನೇ ಬರೀತಾರೆ, ನನಗೆ ಮಾತ್ರ ಊದುಬತ್ತಿ ಹಚ್ಚಿದ ರೂಮಲ್ಲಿ ಊಟಕ್ಕೆ ಕೂತ ಹಾಗೆ ಆಗುತ್ತೆ.

ಆಮೇಲೆ ಬಂದವರಲ್ಲಿ ಸಸ್ಯಾಹಾರಿಗಳಿದ್ರೆ ಖೀಮಾ ಬದಲು ಮಸೂರ್ ಬೇಳೆ ಹಾಕಿ ಇನ್ನೊಂದು ಸಣ್ಣ ಟ್ರೇ ಮಾಡಿ, ಅಲ್ಲಿನವರೇ ಹಾಗೆ ಮಾಡ್ತಾರೆ. ಮೊಟ್ಟೆ ತಿಂತಾರಾ ಅಂತ ಮೊದಲೇ ಕೇಳ್ಕೊಳ್ಳಿ. ಮಸಾಲೆ ಅದೇ ಆದ್ದರಿಂದ ವೈನೂ ಅದೇ.

ಪ್ರಶ್ನೆ: ಡರ್ಬನ್‌ಗೆ ಹೋಗಿದ್ವಿ. ಮೆನುವಲ್ಲಿ ಬನ್ನಿ ಚೌ ಅಂತ ನೋಡಿ ನಮ್ಮನೆಯವಳು ಮೊಲದ ಮಾಂಸ ಅಂತ ಎದ್ದು ಹೊರಟೇ ಬಿಟ್ಲು. ಆಮೇಲೆ ಗೊತ್ತಾಯ್ತು ಬ್ರೆಡ್ಡಲ್ಲಿ ಸಾರು ಅಂತ. ಇದು ನಮ್ಮವರೇ ಮಾಡಿದ್ದಾ? ಅದರ ಜೊತೆ ವೈನ್ ಕುಡಿಯೋರೂ ಇದಾರಾ?

ಉತ್ತರ: ಮೊಲಕ್ಕೂ ಇದಕ್ಕೂ ಸಂಬಂಧ ಇಲ್ಲ, ಬನಿಯಾ ಅನ್ನೋ ಮಾತೇ ಬನ್ನಿ ಆಗಿರೋದು ಅಂತ ಹೆಚ್ಚಿನವರು ಹೇಳ್ತಾರೆ, ಚೌ ಅಂದ್ರೆ ತಿಂಡಿ ಊಟ ಅಂತ ಅಲ್ಲಿನ ಆಡುಮಾತು. ನಮ್ಮವರೇ ಅಂದ್ರೆ ಹೌದು. 1860ರ ನವೆಂಬರ್ 16ಕ್ಕೆ ಟ್ರೂರೋ ಅನ್ನೋ ಹಡಗು ಮದ್ರಾಸಿಂದ ಹೊರಟಿದ್ದು ಡರ್ಬನ್ ತಲುಪಿತು, ಕಬ್ಬಿನ ತೋಟಕ್ಕೆ ಕರಾರು ಕೂಲಿಗಳನ್ನ ತುಂಬ್ಕೊಂಡು. 1911ರ ತನಕ ಹಾಗೆ ಬಂದವರು ಸುಮಾರು ಒಂದೂವರೆ ಲಕ್ಷ. ಅವರ ಹಿಂದೆ ಸ್ವಂತ ದುಡ್ಡಲ್ಲಿ ಟಿಕೆಟ್ ತಗೊಂಡು ವ್ಯಾಪಾರಕ್ಕೆ ಗುಜರಾತಿಗಳು ಬಂದ್ರು, ಅಂಥ ಒಂದು ವ್ಯಾಪಾರಿ ಸಂಸ್ಥೆಯ ಕೇಸ್ ನೋಡ್ಕೊಳ್ಳೋಕೆ ಅಂತಲೇ 1893ರಲ್ಲಿ ಗಾಂಧಿ ಡರ್ಬನ್‌ಗೆ ಇಳಿದಿದ್ದು. ಗ್ರೇ ಸ್ಟ್ರೀಟ್ ಸುತ್ತ (ಈಗ ಅದರ ಹೆಸರು ಡಾ. ಯೂಸುಫ್ ದಾದೂ ಸ್ಟ್ರೀಟ್) ಇದ್ದ ಭಾರತೀಯರ ಹೋಟೆಲ್‌ಗಳಲ್ಲಿ ಬನ್ನಿ ಚೌ ಹುಟ್ಟಿತು. ವರ್ಣಭೇದದ ಕಾಲ, ಕರಿಯರನ್ನ ಒಳಗೆ ಕೂರಿಸೋ ಹಾಗಿಲ್ಲ, ಪಾರ್ಸೆಲ್‌ಗೆ ಪಾತ್ರೆ ಎಲ್ಲಿಂದ ತರೋದು, ಬ್ರೆಡ್ಡಿನ ಒಳಗಿನ ಮೆತ್ತಗಿನ ಭಾಗ ಕಿತ್ತು ಅದರಲ್ಲೇ ಸಾರು ಸುರಿದು ಕಿಟಕಿಯಿಂದ ಕೊಡ್ತಿದ್ರು ಅಂತ ಒಂದು ಕಥೆ. ರೊಟ್ಟಿ ಒಡೆದು ಸಾರು ಸೋರುತ್ತೆ ಅಂತ ಬ್ರೆಡ್ಡಿಗೆ ಬದಲಾದ್ರು ಅಂತ ಇನ್ನೊಂದು. ಎರಡನ್ನೂ ನಂಬೋಣ, ನಷ್ಟ ಏನಿಲ್ಲ.

ಆರ್ಡರ್ ಮಾಡೋವಾಗ "ಕ್ವಾರ್ಟರ್ ಮಟನ್", "ಕ್ವಾರ್ಟರ್ ಬೀನ್ಸ್" ಅಂದ್ರೆ ಸಾಕು (ಕ್ವಾರ್ಟರ್ ಅಂದ್ರೆ ಕಾಲು ಬ್ರೆಡ್ಡು), ಬನ್ನಿ ಅಂತಾನೂ ಹೇಳಬೇಕಿಲ್ಲ. ಬೀನ್ಸ್ ಅಂದ್ರೆ ಶುಗರ್ ಬೀನ್ಸ್ ಅನ್ನೋ ಕಾಳಿನ ಗಟ್ಟಿ ಸಾರು, ಸಸ್ಯಾಹಾರಿಗಳಿಗೆ ಅದು ಸ್ವರ್ಗ. ಮೇಲೆ ಮುಚ್ಚಳದ ಹಾಗೆ ಇಟ್ಟಿರೋ ಬ್ರೆಡ್ ತುಂಡು ತಗೊಂಡು ಅದ್ದಿ ತಿಂತಾ ಮೇಲಿಂದ ಕೆಳಗೆ ಬರಬೇಕು, ಕೈಯಲ್ಲೇ. ಯಾರೋ ಟೂರಿಸ್ಟ್ ಫೋರ್ಕ್ ಕೇಳಿದ್ರೆ ಕೊಡ್ತಾರೆ, ಮನಸ್ಸಲ್ಲಿ ನಗ್ತಾರೆ.

ಈಗ ವೈನಿಗೆ ಬರೋಣ. ಡರ್ಬನ್ ಸಾರು ಕೆಂಪು, ಎಣ್ಣೆ ಮೇಲೆ ತೇಲ್ತಾ ಇರುತ್ತೆ, ಖಾರ ಅಂದ್ರೆ ಖಾರ, ಅಲ್ಲಿನ ಮಾರ್ಕೆಟಲ್ಲಿ "ಅತ್ತೆ ಮಸಾಲೆ" ಅಂತಲೇ ಒಂದು ಪುಡಿ ಮಾರ್ತಾರೆ, ಹೆಸರು ಯಾಕೆ ಅಂತ ನಾನು ವಿವರಿಸೋಕೆ ಹೋಗಲ್ಲ, ನಮ್ಮತ್ತೆ ಈ ಪತ್ರಿಕೆ ಓದ್ತಾರೆ. ನಾನು ಮೊದಲನೇ ಸಲ ಒಂದು ಡರ್ಬನ್ ಮನೆಗೆ ಊಟಕ್ಕೆ ಹೋದಾಗ ದೊಡ್ಡಸ್ತಿಕೆಗೆ 14.5 ಪರ್ಸೆಂಟ್ ಆಲ್ಕೋಹಾಲ್ ಇದ್ದ ಶಿರಾಜ್ ಅನ್ನೋ ರೆಡ್ ವೈನ್ ಒಯ್ದಿದ್ದೆ. ಎರಡು ತುತ್ತು, ಒಂದು ಗುಟುಕು, ಅಷ್ಟೇ, ಬೆಂಕಿಗೆ ಎಣ್ಣೆ ಸುರಿದ ಹಾಗಾಯ್ತು, ಕಣ್ಣಲ್ಲಿ ಮೂಗಲ್ಲಿ ನೀರು, ಮನೆಯವರು ಪಾಪ ಮಾತಾಡದೆ ಮೊಸರು ತಂದಿಟ್ರು. ಕಾರಣ ಸರಳ: ಮೆಣಸಿನಕಾಯಿ ಖಾರ ಯಾವ ನರಗಳನ್ನ ಕೆರಳಿಸುತ್ತೋ ಅದನ್ನೇ ಆಲ್ಕೋಹಾಲೂ ಕೆರಳಿಸುತ್ತೆ, ಒಂದಕ್ಕೊಂದು ಸೇರಿ ಉರಿ ಜಾಸ್ತಿ. ಒಗರು ಸೇರಿದ್ರೆ ಇನ್ನೂ ಕಷ್ಟ. ಹಾಗಾಗಿ ಖಾರದ ಊಟಕ್ಕೆ ಆಲ್ಕೋಹಾಲ್ ಕಮ್ಮಿ, ಒಗರು ಕಮ್ಮಿ, ತಣ್ಣಗೆ, ಚೂರು ಸಿಹಿ ಇದ್ರೆ ಒಳ್ಳೇದು. ಪಿನೋಟಾಜ್ ದ್ರಾಕ್ಷಿಯಿಂದ ಮಾಡಿದ ರೋಸೆ (ಗುಲಾಬಿ ಬಣ್ಣದ ವೈನು), ಅಥವಾ ಸ್ಯಾನ್ಸೋ ಅನ್ನೋ ತೆಳು ರೆಡ್, ಅದನ್ನ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು. ಕುಡಿಯೋರು ಇದಾರಾ ಅಂದ್ರೆ, ಇದಾರೆ, ಕಮ್ಮಿ. ಬನ್ನಿ ಅಂಗಡಿಯಲ್ಲಿ ಜನ ತಗೊಳ್ಳೋದು ಕೋಲ್ಡ್ ಡ್ರಿಂಕು, ಮನೇಲಿ ಬಿಯರು. ಅವರ ನಾಲಿಗೆ ಅವರಿಗೆ ಸರಿಯಾಗೇ ಹೇಳ್ಕೊಟ್ಟಿದೆ.

ಪ್ರಶ್ನೆ: ಪ್ರಿಟೋರಿಯಾದಲ್ಲಿ ನಮ್ಮ ಮ್ಯಾನೇಜರ್ ಸೆಪ್ಟೆಂಬರ್ 24ಕ್ಕೆ ಬ್ರಾಯ್‌ಗೆ ಕರೆದಿದಾರೆ. ಏನು ಒಯ್ಯಬೇಕು, ಹೇಗೆ ನಡ್ಕೋಬೇಕು? ಪಿನೋಟಾಜ್ ಒಯ್ಯಿ ಅಂತ ಒಬ್ಬ, ಅದು ಸುಟ್ಟ ರಬ್ಬರ್ ವಾಸನೆ ಬರುತ್ತೆ ಅಂತ ಇನ್ನೊಬ್ಬ.

ಉತ್ತರ: ಸೆಪ್ಟೆಂಬರ್ 24 ಅಂದ್ರೆ ಅಲ್ಲಿ ಹೆರಿಟೇಜ್ ಡೇ, ಸರ್ಕಾರಿ ರಜೆ. ಅದನ್ನೇ ಬ್ರಾಯ್ ಡೇ ಮಾಡೋಣ ಅಂತ ಒಂದು ಕ್ಯಾಂಪೇನ್ ಶುರುವಾಗಿ 2007ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಪೋಷಕರಾದ್ರು. ರೇನ್‌ಬೋ ನೇಷನ್ ಅನ್ನೋ ಮಾತನ್ನ ಕೊಟ್ಟವರೂ ಅವರೇ. ನಮ್ಮ ಪರಂಪರೆಯ ದಿನವನ್ನ ಕಬಾಬ್ ಹಬ್ಬ ಮಾಡಿದ್ರು ಅಂತ ಗೊಣಗೋರೂ ಅಲ್ಲಿ ಇದಾರೆ, ಮ್ಯಾನೇಜರ್ ಮನೇಲಿ ಆ ಚರ್ಚೆ ಎತ್ತಬೇಡಿ.

ಬ್ರಾಯ್ ಅಂದ್ರೆ ಬಾರ್ಬೆಕ್ಯೂ ಅಂತ ಹೇಳಿದ್ರೆ ಅವರಿಗೆ ಕೋಪ ಬರುತ್ತೆ. ಕಟ್ಟಿಗೆ ಉರಿಸಿ ಕೆಂಡ ಆಗೋ ತನಕ ಕಾಯೋದೇ ಅರ್ಧ ಹಬ್ಬ, 1 ಗಂಟೆಗೆ ಬನ್ನಿ ಅಂದ್ರೆ ಊಟ ಸಿಗೋದು 4ಕ್ಕೆ, ಮನೇಲಿ ಏನಾದ್ರೂ ತಿಂದ್ಕೊಂಡು ಹೋಗಿ. ಇಕ್ಕಳ ಮನೆ ಯಜಮಾನನ ಕೈಲಿರುತ್ತೆ, ಅದನ್ನ ಮುಟ್ಟಬೇಡಿ, ಸಲಹೆಯಂತೂ ಕೊಡಲೇ ಬೇಡಿ. "ಬ್ರಿಂಗ್ ಅಂಡ್ ಬ್ರಾಯ್" ಅಂತ ಹೇಳಿದ್ರೆ ನಿಮ್ಮ ಮಾಂಸ ನೀವೇ ಒಯ್ಯಬೇಕು ಅಂತ ಅರ್ಥ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಸುರುಳಿ ಸುತ್ತಿದ ಉದ್ದ ಸಾಸೇಜ್ ಬೂರೆವೋರ್ಸ್, ಅದಕ್ಕೆ ಆ ಹೆಸರು ಹಾಕಬೇಕಾದ್ರೆ ಕಾನೂನೇ ಇದೆ, ಕನಿಷ್ಠ 90 ಪರ್ಸೆಂಟ್ ಮಾಂಸ ಇರಬೇಕು, ಕೊಬ್ಬು 30 ಪರ್ಸೆಂಟ್ ದಾಟೋ ಹಾಗಿಲ್ಲ. ಕೊತ್ತಂಬರಿ ಬೀಜದ ವಾಸನೆ ಬಂದ್ರೆ ಅದು ಅಸಲಿ. ಪಕ್ಕದಲ್ಲಿ ಪಾಪ್, ಚಕಲಕ.

ಪಿನೋಟಾಜ್ ಒಯ್ಯಿ ಅಂದವನು ಸರಿ, ರಬ್ಬರ್ ಅಂದವನದ್ದೂ ಪೂರ್ತಿ ಸುಳ್ಳಲ್ಲ, ಹಿಂದೆ ಸರಿಯಾಗಿ ಮಾಡದ ಪಿನೋಟಾಜ್‌ಗಳಿಂದ ಅದಕ್ಕೆ ಕೆಟ್ಟ ಹೆಸರು ಬಂದಿತ್ತು. ಆ ದ್ರಾಕ್ಷಿಯ ಕಥೆ ಕೇಳಿ. 1925ರಲ್ಲಿ ಕೇಪ್ ಟೌನ್ ಹತ್ರದ ವೈನ್ ಊರು ಸ್ಟೆಲೆನ್‌ಬಾಷ್‌ನಲ್ಲಿ ಅಬ್ರಹಾಂ ಪೆರೋಲ್ಡ್ ಅನ್ನೋ ಪ್ರೊಫೆಸರ್, ನಾಜೂಕಿನ ಪಿನೋ ನುವಾರ್ ಬಳ್ಳಿಗೂ ಒರಟು ಸ್ಯಾನ್ಸೋ ಬಳ್ಳಿಗೂ ಮದುವೆ ಮಾಡಿಸಿದ್ರು. ಸ್ಯಾನ್ಸೋಗೆ ಆಗ ಅಲ್ಲಿ ಹರ್ಮಿಟಾಜ್ ಅಂತ ಹೆಸರು, ಎರಡೂ ಸೇರಿ ಪಿನೋಟಾಜ್. ಸಿಕ್ಕಿದ್ದು ನಾಲ್ಕೇ ಬೀಜ, ತಾವಿದ್ದ ಕ್ವಾರ್ಟರ್ಸ್ ಹಿತ್ತಲಲ್ಲಿ ನೆಟ್ಟು, ಆಮೇಲೆ ಬೇರೆ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿ ಹೋದ್ರು, ಸಸಿ ಮರೆತೇ ಬಿಟ್ರು! ಹಿತ್ತಲು ಸ್ವಚ್ಛ ಮಾಡೋಕೆ ಆಳುಗಳು ಬಂದ ದಿನ ಆ ದಾರೀಲಿ ಸೈಕಲಲ್ಲಿ ಹೋಗ್ತಿದ್ದ ಚಾರ್ಲಿ ನೀಹಾಸ್ ಅನ್ನೋ ಯುವ ಲೆಕ್ಚರರ್ ನೋಡಿ ಉಳಿಸಿದ್ರು ಅಂತ ಹೇಳ್ತಾರೆ. ಆ ಹೆಸರು ಲೇಬಲ್ ಮೇಲೆ ಮೊದಲು ಬಂದಿದ್ದು ಲಾನ್ಸೆರಾಕ್ ಅನ್ನೋ ಬ್ರ್ಯಾಂಡ್‌ನ 1959ರ ವೈನಲ್ಲಿ, ಅಂಗಡಿಗೆ ಬಂದಿದ್ದು 1961ರಲ್ಲಿ. ಹೊಗೆ ವಾಸನೆ, ಪ್ಲಮ್ ಹಣ್ಣು, ಮಸಾಲೆ, ಕೆಂಡದ ಮೇಲೆ ಕರಿದಾದ ಮಾಂಸದ ಅಂಚಿಗೂ ಅದಕ್ಕೂ ಒಳ್ಳೆ ಜೋಡಿ. ಕಾಫಿ ಚಾಕಲೇಟ್ ವಾಸನೆ ಬರೋ ಸ್ಟೈಲಿಂದೂ ಸಿಗುತ್ತೆ, ನನಗೆ ಹಿಡಿಸಲ್ಲ, ನಿಮಗೆ ಹಿಡಿಸಬಹುದು.

ಆದ್ರೆ ಒಂದು ಮಾತು, ಚಕಲಕ ಜಾಸ್ತಿ ಹಾಕ್ಕೊಳ್ಳೋರಾದ್ರೆ ನಾನು ಮೇಲೆ ಹೇಳಿದ ಖಾರದ ಲೆಕ್ಕವೇ ಇಲ್ಲೂ ಅನ್ವಯ. ಮತ್ತೆ ಕೇಪ್ ಕಡೆ ಬ್ರಾಯ್ ಅಂದ್ರೆ ಸ್ನೂಕ್ ಮೀನು ಇರಬಹುದು, ಏಪ್ರಿಕಾಟ್ ಜಾಮ್ ಬೆಳ್ಳುಳ್ಳಿ ಬೆಣ್ಣೆ ಬಳಿದು ಸುಡೋದು. ಜಿಡ್ಡಿನ ಮೀನು, ಒಗರು ರೆಡ್ ಸೇರಿದ್ರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗಾಗುತ್ತೆ, ಅಲ್ಲಿ ಮರದ ಪೀಪಾಯಲ್ಲಿ ಇಟ್ಟ ಶೆನಿನ್ನೇ ಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ದ್ರಾಕ್ಷಿ ರಸ ತಾನೇ ಅಂತ ವೈನ್ ತಗೊಳ್ತೀವಿ. ಮಗಳು ಈಗ ಅದರಲ್ಲಿ ಮೀನು ಇರುತ್ತೆ ಅಂತ ಹೆದರಿಸ್ತಿದಾಳೆ.

ಉತ್ತರ: ಮಗಳು ಓದ್ಕೊಂಡಿದಾಳೆ. ಹೊಸ ವೈನ್ ಮಬ್ಬಾಗಿರುತ್ತೆ, ಅದನ್ನ ತಿಳಿ ಮಾಡೋಕೆ ಏನಾದ್ರೂ ಹಾಕಿ ಗಸಿ ತಳಕ್ಕೆ ಕೂರಿಸ್ತಾರೆ. ರೆಡ್ ವೈನಿಗೆ ಹಳೇ ಪದ್ಧತಿ ಮೊಟ್ಟೆಯ ಬಿಳಿ, ವೈಟ್‌ಗೆ ಮೀನಿನ ಗಾಳಿಚೀಲದಿಂದ ಮಾಡಿದ ಪುಡಿ ಅಥವಾ ಹಾಲಿನ ಪ್ರೋಟೀನ್. ಆಮೇಲೆ ಸೋಸಿ ತೆಗೀತಾರೆ, ಬಾಟಲಲ್ಲಿ ಉಳಿಯೋದು ಏನೂ ಇಲ್ಲ ಅನ್ನೋ ಅಷ್ಟು, ಆದ್ರೆ ಮನಸ್ಸು ಒಪ್ಪಬೇಕಲ್ಲ. ಬೆಂಟೊನೈಟ್ ಅನ್ನೋ ಜೇಡಿಮಣ್ಣಲ್ಲಿ ತಿಳಿ ಮಾಡೋರೂ ಇದಾರೆ, ಏನೂ ಹಾಕದೆ ತಾನಾಗೇ ತಿಳಿಯಾಗೋಕೆ ಬಿಡೋರೂ ಇದಾರೆ. ಹಿಂದಿನ ಲೇಬಲಲ್ಲಿ ವೀಗನ್ ಅಂತ ಬರೆದಿರೋದನ್ನ ಆರಿಸ್ಕೊಳ್ಳಿ. ಬರೆದಿಲ್ಲದಿದ್ರೆ ವೈನರಿಗೆ ಮೇಲ್ ಹಾಕಿ ಕೇಳಬಹುದು, ಸಣ್ಣ ವೈನರಿಯವರು ಖುಷಿಯಿಂದ ಉತ್ತರ ಕೊಡ್ತಾರೆ, ನನಗೆ ಒಬ್ಬರು ಎರಡು ಪುಟ ಬರೆದಿದ್ರು.

ಪ್ರಶ್ನೆ: ವೈನ್ ವೈನ್ ಅಂತ ಹೊಗಳ್ತೀರಲ್ಲ, ಆ ತೋಟಗಳಲ್ಲಿ ಕೂಲಿ ಬದಲು ಹೆಂಡ ಕೊಟ್ಟು ಜನರನ್ನ ಹಾಳು ಮಾಡಿದ್ದು ಗೊತ್ತಿಲ್ವಾ? ಅದರ ಬಗ್ಗೆ ಒಂದು ಸಾಲೂ ಇಲ್ಲ ನಿಮ್ಮ ಲೇಖನದಲ್ಲಿ.

ಉತ್ತರ: ಗೊತ್ತು. ಒಂದು ಪ್ಯಾರಾದಲ್ಲಿ ಹಿಡಿಸಲಿಲ್ಲ ಅನ್ನೋದು ನೆಪ, ಬರೀಬೇಕಾಗಿತ್ತು. ಅದಕ್ಕೆ ಡಾಪ್ ಪದ್ಧತಿ ಅಂತಾರೆ. ದ್ರಾಕ್ಷಿ ತೋಟದ ಆಳುಗಳಿಗೆ ಕೂಲಿಯ ಒಂದು ಭಾಗವನ್ನ ವೈನಿನ ರೂಪದಲ್ಲಿ ಕೊಡೋದು, ದಿನಕ್ಕೆ ಹಲವು ಸಲ ತಗಡಿನ ಲೋಟದಲ್ಲಿ, ಅದೂ ಮಾರೋಕಾಗದ ಕಳಪೆ ವೈನು. ಗುಲಾಮಗಿರಿ ಕಾಲದಿಂದ ಬಂದಿದ್ದು, ಕಾನೂನು ನಿಷೇಧ ಮಾಡಿದ ಮೇಲೂ ದಶಕಗಟ್ಟಲೆ ಕದ್ದುಮುಚ್ಚಿ ನಡೀತು. ಬಸುರಿಯರು ಕುಡಿದು ಮಕ್ಕಳಿಗೆ ಆಗೋ ಹಾನಿ ಇದೆಯಲ್ಲ, ಅದರ ಪ್ರಮಾಣ ಪ್ರಪಂಚದಲ್ಲೇ ಅತಿ ಹೆಚ್ಚು ದಾಖಲಾಗಿರೋ ಜಾಗಗಳಲ್ಲಿ ಅದೇ ವೆಸ್ಟರ್ನ್ ಕೇಪಿನ ವೈನ್ ಊರುಗಳು ಸೇರಿವೆ. ಚಂದದ ಬೆಟ್ಟ, ಬಿಳಿ ಗೋಡೆ ಡಚ್ ಮನೆ ಫೋಟೋ ತೆಗೆಯೋವಾಗ ಇದು ಕಾಣಲ್ಲ.

ಇನ್ನೊಂದು ಕಡೆ ನೋಡಿ. 1928ರ ಮದ್ಯದ ಕಾನೂನು ಕರಿಯರು ವೈನ್, ಸ್ಪಿರಿಟ್ ಕೊಳ್ಳೋದನ್ನೇ ತಡೆದಿತ್ತು, ಅದು ತೆರವಾಗಿದ್ದು 1962ರಲ್ಲಿ. ತೋಟದಲ್ಲಿ ಬಗ್ಗಿ ದುಡಿಯೋರಿಗೆ ಕಳಪೆದು ಕುಡಿಸೋದು, ಊರಲ್ಲಿ ದುಡ್ಡು ಕೊಟ್ಟು ಕೊಳ್ಳೋಕೆ ಬಂದವರಿಗೆ ಜೈಲು. ಮನೇಲಿ ಹೆಂಗಸರು ಜೋಳ, ಮೆಕ್ಕೆಜೋಳದಿಂದ ಉಮ್‌ಕೊಂಬೋತಿ ಅನ್ನೋ ಹುಳಿ ಬಿಯರ್ ಮಾಡ್ತಾರಲ್ಲ, ಅದನ್ನೂ ಬಿಡಲಿಲ್ಲ. ಡರ್ಬನ್ ಮುನ್ಸಿಪಾಲಿಟಿ ಬಿಯರ್ ಮಾರೋ ಹಕ್ಕು ತಾನೇ ಇಟ್ಕೊಂಡು ಬಿಯರ್ ಹಾಲ್ ತೆರೆದು ಲಾಭ ಮಾಡ್ತು, ಮನೇಲಿ ಮಾಡೋರ ಮೇಲೆ ಪೊಲೀಸ್ ರೈಡು. 1959ರಲ್ಲಿ ಅದೇ ಡರ್ಬನ್ನಿನ ಕೇಟೋ ಮ್ಯಾನರ್‌ನ ಹೆಂಗಸರು ಕೋಲು ಹಿಡ್ಕೊಂಡು ಬಿಯರ್ ಹಾಲ್‌ಗೆ ನುಗ್ಗಿದ್ರು.

ಇದನ್ನೆಲ್ಲ ಈ ಅಂಕಣದಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ, ಫ್ರಾನ್ಸ್ ಇಟಲಿಯಲ್ಲಿ ಆ ಊರಿನ ಊಟಕ್ಕೆ ಆ ಊರಿನ ವೈನು ಅಂತ ನೂರಾರು ವರ್ಷ ಒಂದೇ ಮೇಜಲ್ಲಿ ಕೂತು ಹೊಂದ್ಕೊಂಡಿದೆ. ಸೌತ್ ಆಫ್ರಿಕಾದಲ್ಲಿ 1659ರ ಫೆಬ್ರವರಿ 2ಕ್ಕೆ ಮೊದಲ ವೈನ್ ಆಯ್ತು ಅಂತ ವಾನ್ ರೀಬೆಕ್ ಡೈರಿಯಲ್ಲಿ ಬರೆದಿಟ್ಟಿದಾನೆ, ಅಂದ್ರೆ ವೈನ್ ಹಳೇದು, ಊಟ ಹಳೇದು, ಎರಡೂ ಒಂದೇ ಮೇಜಿಗೆ ಬಂದಿದ್ದು ಮಾತ್ರ ಮೊನ್ನೆ ಮೊನ್ನೆ. ಬೊಬೊಟಿ ಮಾಡಿದವರು ಮುಸ್ಲಿಮರು, ವೈನ್ ಮುಟ್ಟಲ್ಲ. ಪಾಪ್ ತಿನ್ನೋರಿಗೆ ವೈನ್ ಸಿಗ್ತಿರ್ಲಿಲ್ಲ. ಹಾಗಾಗಿ ಅಜ್ಜಿ ಹೇಳಿದ ಜೋಡಿ ಅಂತ ಯಾವುದೂ ಇಲ್ಲ ಅಲ್ಲಿ, ನಾವು ಹೇಳೋದೆಲ್ಲ ಈಗಿನವರು ರುಚಿ ನೋಡಿ ಕಟ್ಟಿದ್ದು. ಕ್ವಾಜುಲು-ನಟಾಲ್ ಹಳ್ಳಿಯಿಂದ ಸ್ಕಾಲರ್‌ಶಿಪ್ ಮೇಲೆ ಸ್ಟೆಲೆನ್‌ಬಾಷ್‌ಗೆ ಬಂದು ವೈನ್ ಓದಿ, ಆ ದೇಶದ ಮೊದಲ ಕರಿಯ ಮಹಿಳಾ ವೈನ್‌ಮೇಕರ್ ಅನ್ನಿಸ್ಕೊಂಡ ಎನ್‌ಸಿಕಿ ಬಿಯೇಲಾ ಈಗ ಅಸ್ಲಿನಾ ಅಂತ ತನ್ನ ಅಜ್ಜಿ ಹೆಸರಲ್ಲೇ ಬ್ರ್ಯಾಂಡ್ ನಡೆಸ್ತಿದಾರೆ. ಸಿಕ್ಕಿದ್ರೆ ಅದನ್ನ ಕೊಳ್ಳಿ ಅಂತಷ್ಟೇ ನಾನು ಹೇಳಬಲ್ಲೆ. ನೀವು ಬೈದಿದ್ದು ನ್ಯಾಯವೇ.

ಪ್ರಶ್ನೆ: ಕೇಪ್ ಟೌನಿನ ಬೋ-ಕಾಪಲ್ಲಿ ಬಣ್ಣಬಣ್ಣದ ಮನೆಗಳ ಬೀದಿಯಲ್ಲಿ ಒಂದು ಹೋಟೆಲಿಗೆ ಹೋಗಿ ವೈನ್ ಲಿಸ್ಟ್ ಕೇಳಿದೆ. ಇಲ್ಲ ಅಂದ್ರು. ನನ್ನ ಬಾಟಲ್ ತರಲಾ ಅಂದೆ, ಅದಕ್ಕೂ ಇಲ್ಲ. ಬೇರೆ ಹೋಟೆಲಲ್ಲೆಲ್ಲ ಬಿಡ್ತಾರಲ್ಲ?

ಉತ್ತರ: ಬೇರೆ ಕಡೆ ಕಾರ್ಕೇಜ್ ಅಂತ ಸ್ವಲ್ಪ ದುಡ್ಡು ತಗೊಂಡು ಬಿಡ್ತಾರೆ, ನಿಜ. ಬೋ-ಕಾಪ್ ಮುಸ್ಲಿಮರ ಕೇರಿ, ಮಸೀದಿ ಪಕ್ಕದ ಹಲಾಲ್ ಹೋಟೆಲಲ್ಲಿ ವೈನ್ ಕೇಳಿದ್ರೆ ಇನ್ನೇನು ಹೇಳ್ತಾರೆ ಸ್ವಾಮಿ. ಅಲ್ಲಿ ಶುಂಠಿ ಹಾಕಿದ ಜಿಂಜರ್ ಬಿಯರ್ ಕೇಳಿ, ಹೆಸರಲ್ಲಿ ಬಿಯರ್ ಇದ್ರೂ ಅಮಲಿಲ್ಲ. ಇಲ್ಲಾ ಫಲೂದಾ. ಒಂದು ಸ್ವಾರಸ್ಯ ಹೇಳ್ತೀನಿ, ಆಫ್ರಿಕಾನ್ಸ್ ಅಂದ್ರೆ ಬಿಳಿಯರ ಭಾಷೆ ಅಂತಾರಲ್ಲ, ಅದನ್ನ ಮೊಟ್ಟಮೊದಲು ಬರೆದಿಟ್ಟವರಲ್ಲಿ ಈ ಜನರ ಮದರಸಾಗಳು ಸೇರಿವೆ, ಅದೂ ಅರಬ್ಬಿ ಲಿಪಿಯಲ್ಲಿ. ಭಾನುವಾರ ಬೆಳಿಗ್ಗೆ ಹೋದ್ರೆ ಕೂಸಿಸ್ಟರ್ ಸಿಗುತ್ತೆ, ಏಲಕ್ಕಿ ಸೋಂಪು ಹಾಕಿದ ಮೆತ್ತನೆ ಕರಿದ ಉಂಡೆ, ಪಾಕದಲ್ಲಿ ಅದ್ದಿ ಕೊಬ್ಬರಿ ತುರಿಯಲ್ಲಿ ಹೊರಳಿಸಿರ್ತಾರೆ. ಹತ್ತು ಗಂಟೆಯೊಳಗೆ ಹೋಗಿ, ಆಮೇಲೆ ಖಾಲಿ.

ಪ್ರಶ್ನೆ: ಮಾಲ್ವಾ ಪುಡಿಂಗ್ ಜೊತೆ ಅದೇ ಊಟದ ವೈನ್ ಕುಡಿದ್ರೆ ನೀರು ನೀರು, ಹುಳಿ ಹುಳಿ. ಯಾಕೆ?

ಉತ್ತರ: ಸಿಹಿ ತಿಂದಮೇಲೆ ಕಾಫಿ ಕಹಿಯಾಗಲ್ವಾ, ಹಾಗೇ. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಸಿಹಿತಿಂಡಿ ವಿಷಯದಲ್ಲಿ ಈ ಒಂದು ಲೆಕ್ಕ ಇಟ್ಕೊಂಡ್ರೆ ಸಾಕು. ಮಾಲ್ವಾ ಅಂದ್ರೆ ಏಪ್ರಿಕಾಟ್ ಜಾಮ್ ಹಾಕಿದ ಕೇಕು, ಒಲೆಯಿಂದ ತೆಗೆದ ತಕ್ಷಣ ಬಿಸಿ ಕ್ರೀಮು, ಬೆಣ್ಣೆ, ಸಕ್ಕರೆ ಪಾಕ ಸುರಿದು ಕುಡಿಸ್ತಾರೆ, ಅದನ್ನ ಮೀರಿಸೋ ಸಿಹಿ ವೈನ್ ಬೇಕು. ಮಸ್ಕಾಡೆಲ್ ಅಂತ ಅಲ್ಲಿನ ಸ್ಪಿರಿಟ್ ಸೇರಿಸಿದ ಸಿಹಿ ವೈನ್ ಬೆಲೆಯೂ ಕಮ್ಮಿ, ಕೆಲಸವೂ ಆಗುತ್ತೆ.

ರಾಜಮರ್ಯಾದೆ ಬೇಕಂದ್ರೆ ಕಾನ್‌ಸ್ಟಾನ್ಷಿಯಾ. ಗವರ್ನರ್ ಸೈಮನ್ ವಾನ್ ಡರ್ ಸ್ಟೆಲ್ 1685ರಲ್ಲಿ ಮಾಡಿದ ತೋಟ, ಅಲ್ಲಿನ ಮಸ್ಕಟ್ ದ್ರಾಕ್ಷಿಯ ಸಿಹಿ ವೈನಿಗೆ ಯುರೋಪಿನ ಅರಮನೆಗಳು ಮುಗಿಬೀಳ್ತಿದ್ವು, ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಇಲ್ಲಿಂದಲೇ ಹೋಗ್ತಿತ್ತು. 1886ರಲ್ಲಿ ಫಿಲಾಕ್ಸೆರಾ ಅನ್ನೋ ಬೇರುಹುಳ ಕೇಪಿಗೆ ಬಂತು, ತೋಟಗಳು ಸತ್ತವು, ಆ ಸಿಹಿ ವೈನೂ ಮರೆಯಾಯ್ತು. ನೂರು ವರ್ಷದ ಮೇಲೆ ಕ್ಲೈನ್ ಕಾನ್‌ಸ್ಟಾನ್ಷಿಯಾದವರು 1986ರ ಫಸಲಿಂದ ವಾನ್ ದ ಕಾನ್‌ಸ್ಟಾನ್ಸ್ ಅಂತ ಮತ್ತೆ ಶುರು ಮಾಡಿದ್ರು. ಸಣ್ಣ ಬಾಟಲು, ದೊಡ್ಡ ಬೆಲೆ. ನಾನು ಕುಡಿದಿರೋದು ಬೇರೆಯವರ ದುಡ್ಡಲ್ಲಿ, ಎರಡು ಸಲ. ಒಂದು ಮಾತು ಹೇಳಲಾ, ಅದರ ಜೊತೆ ಪುಡಿಂಗೇ ಬೇಡ.

ಪ್ರಶ್ನೆ: ಸ್ಕ್ರೂ ಮುಚ್ಚಳ ಇದ್ರೆ ಕಳಪೆ ವೈನ್ ಅಂತಲಾ?

ಉತ್ತರ: ಅಲ್ಲ. ಕಾರ್ಕಿಂದ ಕೆಲವೊಮ್ಮೆ ಮುಗ್ಗಲು ವಾಸನೆ ಹಿಡಿಯುತ್ತೆ, ಸ್ಕ್ರೂನಲ್ಲಿ ಆ ಭಯ ಇಲ್ಲ. ನೋಡಬೇಕಾದ್ದು ಮುಚ್ಚಳ ಅಲ್ಲ, ಕತ್ತಿನ ಮೇಲೆ ಅಂಟಿಸಿರೋ ಸರ್ಟಿಫಿಕೇಷನ್ ಸ್ಟಿಕ್ಕರ್. 1973ರಿಂದ ವೈನ್ ಆಫ್ ಆರಿಜಿನ್ ಅಂತ ಪದ್ಧತಿ ಇದೆ, ಊರು, ವರ್ಷ, ದ್ರಾಕ್ಷಿ ಲೇಬಲಲ್ಲಿ ಹೇಳಿದ ಹಾಗೆ ಇದೆ ಅನ್ನೋಕೆ ಅದು ಗುರುತು.

ಪ್ರಶ್ನೆ: ಪಾರ್ಟಿ ಮುಗಿದ ಮೇಲೆ ಅರ್ಧ ಬಾಟಲ್ ಪಿನೋಟಾಜ್ ಉಳಿದಿದೆ, ಬೊಬೊಟಿಗೆ ಸುರಿದುಬಿಡಲಾ? ರುಚಿ ಜಾಸ್ತಿ ಆಗುತ್ತಾ?

ಉತ್ತರ: ಬೊಬೊಟಿಗೆ ಬೇಡ, ಹುಟ್ಟಿದ ಮನೆಯಲ್ಲಿ ಅದಕ್ಕೆ ವೈನ್ ಗೊತ್ತೇ ಇಲ್ಲ, ಹಾಲು ಮೊಟ್ಟೆ ಬೇರೆ ಇದೆ. ಮೂರು ಕಾಲಿನ ಕಬ್ಬಿಣದ ಮಡಕೆಯಲ್ಲಿ ಮಾಡೋ ಪೊಯ್ಕಿಕೋಸ್‌ಗೆ ಹಾಕಿ. ತಳದಲ್ಲಿ ಮಾಂಸ, ಮೇಲೆ ಗಟ್ಟಿ ತರಕಾರಿ, ಅದರ ಮೇಲೆ ಮೆತ್ತನೆ ತರಕಾರಿ, ಒಂದು ಲೋಟ ವೈನು, ಸಣ್ಣ ಉರಿ, ಮೂರು ಗಂಟೆ. ಸೌಟು ಹಾಕಿ ತಿರುವಿದ್ರೋ, ಕೇಪಿನವರು ಮತ್ತೆ ನಿಮ್ಮನ್ನ ಊಟಕ್ಕೆ ಕರೆಯಲ್ಲ.